ರೊಪಾತೆ ಬೇಡವೆಂದ ಕಾವಾ

ಹೆಣ್ಣು ಕೇಳಲು ಬಂದವನು ಕಾವಾ ಬೇಡವೆನ್ನುವುದುಂಟೆ? ದ್ವೀಪದೂರು ಸುವಾದ ಆ ಮನೆಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಬೇರು ಕುಟ್ಟಿ ನೀರಲ್ಲಿ ಕದಡಿದ ಕಾವಾ ತುಂಬಿದ ಮರದ ಬೋಗುಣಿಯ ಸುತ್ತ ಚಾಪೆಯ ಮೇಲೆ ಕೂತ ಹಿರಿಯರೆಲ್ಲ ಒಂದೇ ತೆಂಗಿನ ಚಿಪ್ಪಿನಲ್ಲಿ ಮೊದಲ ಸುತ್ತು ಕುಡಿದಾಗಿತ್ತು. ಸರದಿ ರೊಪಾತೆಯದು. ಅವನು ರೂಢಿಯಂತೆ ಚಪ್ಪಾಳೆ ತಟ್ಟಲಿಲ್ಲ, ಚಿಪ್ಪಿಗೆ ಕೈ ಚಾಚಲಿಲ್ಲ. ತಲೆ ತಗ್ಗಿಸಿ, "ಕ್ಷಮಿಸಿ, ನಂಗೆ ಬೇಡ" ಎಂದ.

ಅವನು ಕೇಳಲು ಬಂದ ಹುಡುಗಿ ಲೈಸಾಳ ಅಪ್ಪ ತೈತೋನ ಮುಖ ಕಪ್ಪಿಟ್ಟಿತು. "ನಮ್ಮ ಬಾಯಿ ತಾಗಿದ್ದು ನಿಂಗಾಗಲ್ವೋ? ಹಾಗಾದ್ರೆ ನಮ್ಮ ಮಗಳೂ ಬೇಡ ಬಿಡು."

ರೊಪಾತೆ ಎದ್ದು ಹೊರಟೇಬಿಟ್ಟ. ಲೈಸಾ ಬರಿಗಾಲಲ್ಲೇ ಹಿಂದೆ ಓಡಿದಳು. ಹಡಗಿನ ಇಂಜಿನ್ ರಿಪೇರಿ ಮಾಡುವ ಈ ಆಜಾನುಬಾಹು ಎಷ್ಟೋ ದಿನಗಳಿಂದ ಅವಳಿಗೆ ಒಂದು ಮುತ್ತನ್ನೂ ಕೊಟ್ಟಿರಲಿಲ್ಲ. ಅವಳು ಮುಖ ಹತ್ತಿರ ತಂದರೆ ಸಾಕು, ಇವನಿಗೆ ಕಡಲು ನೋಡುವ ಕೆಲಸ ನೆನಪಾಗುತ್ತಿತ್ತು. ಲೈಸಾಳ ತಲೆಯಲ್ಲಿ ಆಗಲೇ ಇನ್ನೊಬ್ಬಳು ಹುಟ್ಟಿಕೊಂಡಿದ್ದಳು.

ಕಡಲ ಕಟ್ಟೆಯ ಬಳಿ ಅಂಗಿ ಹಿಡಿದು ನಿಲ್ಲಿಸಿದಳು.

"ಯಾರವಳು?"

"ಯಾವಳೂ ಇಲ್ಲ ಮಾರಾಯ್ತಿ."

"ಮತ್ತೇನು ನಿನ್ನ ಈ ಅವತಾರ?"

ಅವನು ಓರೆಗಣ್ಣಿನಿಂದ ಅವಳನ್ನೊಮ್ಮೆ ನೋಡಿ ಕಣ್ಣು ಕೆಳಗಿಳಿಸಿದ. "ನಿನ್ನ ಕೇಳೋಕೆ ಮುಂಚೆ ಒಂದ್ಸಲ ತೋರಿಸ್ಕೊಳ್ಳೋಣ ಅಂತ ಕ್ಲಿನಿಕ್ಕಿಗೆ ಹೋದೆ. ಬಂದರಿಗೊಬ್ಬಳು ಅಂತ ಇದ್ದವನು ನಾನು, ನಿಂಗೂ ಗೊತ್ತಲ್ಲ. ಹಳೇ ಲೈಂಗಿಕ ಸೋಂಕು ಒಂದು ಸಿಕ್ತು. ಅದು ಮಾತ್ರೆಗೆ ಹೋಯ್ತು. ರಕ್ತ ನೋಡಿದಾಗ ಹೆಪಟೈಟಿಸ್ ಬಿ ಕೂಡ ಸಿಕ್ತು. ಲಿವರ್ ಹಾಳು ಮಾಡೋ ವೈರಸ್ಸು. ಒಬ್ಬರಿಂದ ಒಬ್ಬರಿಗೆ ಹರಡುತ್ತೆ ಅಂದ್ರು. ಮುಂದಿಂದು ನನ್ನ ಕಿವಿಗೆ ಬೀಳ್ಲೇ ಇಲ್ಲ, ಎದ್ದು ಬಂದ್ಬಿಟ್ಟೆ. ಆ ಚಿಪ್ಪಿಗೆ ಬಾಯಿ ಹಾಕಿ ನಿಮ್ಮಪ್ಪಂಗೆ ಅಂಟಿಸ್ಲಾ?"

ಇನ್ನೊಬ್ಬಳಿಲ್ಲ ಎಂಬ ಸಂತೋಷವೇ ಲೈಸಾಳಿಗೆ ಮೊದಲು ಉಕ್ಕಿ ಬಂತು. ಹೆದರಿಕೆ ಆಮೇಲೆ ಬಂತು. ತನಗೇ ನಾಚಿಕೆಯಾಯಿತು.

"ಅರ್ಧ ಕೇಳಿ ಎದ್ದು ಬಂದ್ಯಾ? ನಡಿ, ಉಳಿದರ್ಧ ಇಬ್ರೂ ಕೇಳೋಣ."

ಕ್ಲಿನಿಕ್ಕಿನ ನರ್ಸ್ ಅಲೇನಾ ನಕ್ಕುಬಿಟ್ಟಳು. "ಒಂದೇ ಚಿಪ್ಪಲ್ಲಿ ಕುಡಿದ್ರೆ, ಮುತ್ತು ಕೊಟ್ರೆ ಬರಲ್ಲ ಕಣಪ್ಪ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ ಬರುತ್ತೆ. ಹೆರಿಗೇಲಿ ತಾಯಿಂದಾನೂ ಬರುತ್ತೆ. ಇವಳ ರಕ್ತ ನೋಡೋಣ, ರಕ್ಷಣೆ ಇಲ್ದಿದ್ರೆ ಲಸಿಕೆ ಇದೆ. ನೀನು ಲಿವರ್ ತೋರಿಸ್ಕೊಳ್ತಾ ಇರು. ಕಾವಾ ಮಾತ್ರ ಲೆಕ್ಕವಿಲ್ಲದೆ ಕುಡೀಬೇಡ."

ಪರೀಕ್ಷೆಯ ಫಲಿತಾಂಶ ಬರುವವರೆಗೆ ಲೈಸಾಳಿಗೆ ಊಟ ಸೇರಲಿಲ್ಲ. ಬಂದಾಗ ಬೆಂಚಿನಿಂದ ಜಿಗಿದೇ ಎದ್ದಳು. ಕೂಸಾಗಿದ್ದಾಗ ಹಾಕಿಸಿದ್ದ ಲಸಿಕೆ ಅವಳನ್ನು ಇನ್ನೂ ಕಾಯುತ್ತಿತ್ತು.

ಅಂದು ಸಂಜೆಯೇ ರೊಪಾತೆ ತಪ್ಪೊಪ್ಪಿಗೆಯ ಕಾವಾ ಬೇರಿನ ಕಟ್ಟು ಹೊತ್ತು ತೈತೋನ ಮುಂದೆ ಮಂಡಿಯೂರಿದ. ಒಂದೂ ಬಿಡದೆ ಹೇಳಿದ. ಬಂದರುಗಳ ಮಾತು ಬಂದಾಗ ದನಿ ಇಳಿಯಿತು, ನಿಲ್ಲಲಿಲ್ಲ. ಲೈಸಾ ಬಾಗಿಲಲ್ಲೇ ನಿಂತು ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಅಪ್ಪ ಆ ಕಟ್ಟನ್ನು ಮುಟ್ಟದಿದ್ದರೆ ಎಲ್ಲವೂ ಮುಗಿದಂತೆ.

ತೈತೋ ಕಟ್ಟಿನತ್ತ ನೋಡಿದ.

"ನನ್ನ ತಮ್ಮ ಹೊಟ್ಟೆ ಊದ್ಕೊಂಡು ಸತ್ತ," ಎಂದ. "ಕಾವಾ ಜಾಸ್ತಿಯಾಯ್ತು ಅಂದ್ವಿ. ಯಾರೋ ಮಾಟ ಮಾಡ್ಸಿದ್ರು ಅಂದ್ವಿ. ಯಾರೂ ಪರೀಕ್ಷೆ ಮಾಡಿಸ್ಲಿಲ್ಲ." ಕೈ ಚಾಚಿ ಕಟ್ಟನ್ನು ಎಳೆದುಕೊಂಡ. "ಆ ಕ್ಲಿನಿಕ್ಕು ನಾಳೆ ತೆಗ್ದಿರುತ್ತಾ?"

"ಹೂಂ, ಮಾವ." ಬಾಯಿ ಜಾರಿತ್ತು. ರೊಪಾತೆ ತುಟಿ ಕಚ್ಚಿಕೊಂಡ.

"ಬೆಳಿಗ್ಗೆ ಬಂದು ನನ್ನ ಕರ್ಕೊಂಡು ಹೋಗು. ಅಳಿಯ ಅಂದ್ಮೇಲೆ ಅಷ್ಟಾದ್ರೂ ಮಾಡ್ಬೇಕಲ್ವೇನೋ?"

ಹಿರಿಯರ ಮುಂದೆ ಕುಣಿಯುವಂತಿಲ್ಲವೆಂದು ಲೈಸಾ ಅಡುಗೆಮನೆಗೆ ಓಡಿದಳು. ಸ್ವಲ್ಪ ಹೊತ್ತಿಗೆ ರೊಪಾತೆ ನೀರು ಬೇಕೆಂಬ ನೆಪ ಹೇಳಿಕೊಂಡು ಬಂದ. ಮೀನು ಬೇಯಿಸುತ್ತಿದ್ದ ಚಿಕ್ಕಮ್ಮ, "ನೀರು ಅಲ್ಲಿದೆ" ಎಂದು ಕೈ ತೋರಿಸುವಷ್ಟರಲ್ಲಿ ಅವನು ಬಾಗಿ ಲೈಸಾಳ ತುಟಿಗೆ ಮುತ್ತಿಟ್ಟಿದ್ದ.