ಐಸ್ ಕೊಕ್ಕರೆಯ ಕರಗುನೀರು

“ಅಪ್ಪಾ, ಕೊಕ್ಕರೆ ಎಲ್ಲಿ?”

ಚಿನಕುರುಳಿ ಥರ್ಮಾಕೋಲ್ ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ನಿಂತಿದ್ದಳು. ಡಬ್ಬಿಯಲ್ಲಿ ಅರ್ಧದಷ್ಟು ನೀರು. ಅದರಲ್ಲಿ ಹೆಬ್ಬೆರಳಿನಷ್ಟು ಐಸ್ ತುಂಡೊಂದು ತೇಲುತ್ತಿತ್ತು, ಅಷ್ಟೇ.

ರಾತ್ರಿಯ ಕೆಲಸ ಮುಗಿಸಿ ಬೆಳಿಗ್ಗೆ ಮನೆಗೆ ಬಂದ ಅಪ್ಪ ಬಾಗಿಲಲ್ಲೇ ಕೂತುಬಿಟ್ಟ. ಪ್ಯಾಂಟೆಲ್ಲ ಒದ್ದೆ. “ಬಸ್ಸು ದಾರೀಲಿ ಕೆಟ್ಟು ನಿಂತ್ಬಿಡ್ತು ಮರಿ. ಡಬ್ಬೀನ ತೊಡೆ ಮೇಲೇ ಇಟ್ಕೊಂಡು ಮುಚ್ಚಳ ಒತ್ತಿ ಹಿಡ್ಕೊಂಡಿದ್ದೆ. ಏನು ಮಾಡಿದ್ರೂ ಉಳೀಲಿಲ್ಲ.”

ಅಪ್ಪನಿಗೆ ದೊಡ್ಡ ಹೋಟೆಲಿನಲ್ಲಿ ಐಸಿನ ಗೊಂಬೆ ಕೆತ್ತುವ ಕೆಲಸ. ಪಾರ್ಟಿಯವರು ಮೀನು ಕೇಳಲಿ, ಕುದುರೆ ಕೇಳಲಿ, ಕೆತ್ತಿ ನಿಲ್ಲಿಸುತ್ತಾನೆ. ಊಟ ಮುಗಿಯುವಷ್ಟರಲ್ಲಿ ಎಲ್ಲವೂ ನೀರು! ಅಲ್ಲಿಗೆ ಮಕ್ಕಳನ್ನು ಬಿಡುವುದಿಲ್ಲ. ಕೆಲಸದವರು ಫೋನ್ ಇಟ್ಟುಕೊಳ್ಳುವ ಹಾಗೂ ಇಲ್ಲ. ಹೀಗಾಗಿ ಅಪ್ಪ ಮಾಡಿದ್ದನ್ನು ಅವಳು ಒಂದೇ ಒಂದು ಸಲವೂ ನೋಡಿರಲಿಲ್ಲ. ನೋಡಬೇಕು, ನೋಡಬೇಕು ಎಂದು ಅವಳ ಜೀವ ಎಷ್ಟು ಹಂಬಲಿಸುತ್ತಿತ್ತೋ!

ನಿನ್ನೆ ವಿಜ್ಞಾನದ ಪಾಠದಲ್ಲಿ ಟೀಚರ್, “ಮಂಜುಗಡ್ಡೆ ಕರಗಿ ಬಂದ ನೀರಿಗೆ ಕರಗುನೀರು ಅಂತಾರೆ. ನಾಳೆ ಐಸ್ ತನ್ನಿ, ನೋಡೋಣ” ಅಂದಿದ್ದರು.

“ನಾನು ನಮ್ಮಪ್ಪ ಕೆತ್ತಿದ ಕೊಕ್ಕರೆ ತರ್ತೀನಿ!”

“ಸಾಕು, ಬುರುಡೆ ಬಿಡ್ಬೇಡ” ಎಂದಿದ್ದ ಪಕ್ಕದ ಬೆಂಚಿನ ಗುಂಡ. ಅದಕ್ಕೇ ಸಂಜೆ ಕೆಲಸಕ್ಕೆ ಹೊರಟ ಅಪ್ಪನ ಕೈ ಹಿಡಿದು, ಕೊಕ್ಕರೆಯೊಂದನ್ನು ಕೆತ್ತಿ ತರುವಂತೆ ಗೋಗರೆದಿದ್ದಳು.

ಈಗ ಅವಳು ಅಳುತ್ತಲೇ ಮುಚ್ಚಳವನ್ನು ನೆಲಕ್ಕೆ ಕುಕ್ಕಿದಳು. “ದಪ್ಪಗೆ ಮಾಡ್ಬೇಕಿತ್ತು! ತೆಳ್ಳಗಿರೋದು ಬೇಗ ಕರಗುತ್ತೆ ಅಂತ ನಿಂಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು ಕಣೇ” ಅಪ್ಪ ಮೆಲ್ಲಗೆ ಹೇಳಿದ. “ದಪ್ಪ ಕಾಲು ಇಟ್ಟಿದ್ರೆ ಅದು ಬಾತುಕೋಳಿ ಆಗ್ತಿತ್ತು. ನೀನು ಕೇಳಿದ್ದು ಕೊಕ್ಕರೆ.”

ಕೆಂಪಾಗಿ ಮರಗಟ್ಟಿದ ಕೈ ಎತ್ತಿ ಗಾಳಿಯಲ್ಲೇ ತೋರಿಸತೊಡಗಿದ. “ಒಂಟಿ ಕಾಲಲ್ಲಿ ನಿಂತಿತ್ತು. ಕತ್ತು ಹೀಗೆ ಬಾಗಿ, ಕೊಕ್ಕು ಎದೆಗೆ ತಾಗ್ತಿತ್ತು. ಕಾಲು ನಿನ್ನ ಕಿರುಬೆರಳಷ್ಟೇ.” ಕೊಕ್ಕರೆಯ ಕತ್ತು ಅಲ್ಲೇ ಇದೆಯೇನೋ, ಜೋರಾಗಿ ಮುಟ್ಟಿದರೆ ಮುರಿದೀತೇನೋ ಎಂಬಂತೆ ಅವನ ಕೈ ಜೋಪಾನವಾಗಿ ಇಳಿಯಿತು. ಚಿನಕುರುಳಿ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ನೋಡಿದಳು.

ಶಾಲೆಯಲ್ಲಿ ಎಲ್ಲರೂ ಫ್ಲಾಸ್ಕಿನಿಂದ ಐಸ್ ತೆಗೆದರೆ, ಇವಳು ಡಬ್ಬಿಯ ನೀರನ್ನು ತುಂಬಿಸಿಕೊಂಡು ಬಂದ ಬಾಟಲಿ ತೆಗೆದಳು.

“ಏನೇ, ಕೊಕ್ಕರೆ ಹಾರಿಹೋಯ್ತಾ?” ಗುಂಡನ ಮಾತಿಗೆ ಕ್ಲಾಸೆಲ್ಲ ಗೊಳ್ಳೆಂದಿತು.

“ಇದು ಕರಗುನೀರು ಟೀಚರ್.”

“ನೋಡೋಕೆ ನಲ್ಲಿ ನೀರಿನ ಥರಾನೇ ಇದೆಯಲ್ಲಮ್ಮ?” ಟೀಚರ್ ಕೇಳಿದರು.

“ಮೊದಲು ಇದು ಐಸ್ ಆಗಿತ್ತು.”

“ಹಾಗಿದ್ರೆ ಸರಿ. ಮೊದಲು ಮಂಜುಗಡ್ಡೆ ಆಗಿದ್ದ ನೀರಿಗೆ ಮಾತ್ರ ಆ ಹೆಸರು. ನಲ್ಲಿ ನೀರಿಗೆ, ಮಳೆ ನೀರಿಗೆ ಹಾಗನ್ನೋ ಹಾಗಿಲ್ಲ. ಎಂಥ ಐಸ್ ಆಗಿತ್ತು, ಹೇಳು.”

ಅವಳು ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ಕೈ ತಾನಾಗಿ ಮೇಲೆದ್ದು, ಬಾಗಿದ ಕತ್ತಿನ ಮೇಲೆ ಜೋಪಾನವಾಗಿ ಇಳಿಯಿತು. ನಗು ನಿಂತಿತು. ಗುಂಡ ಬಾಟಲಿಗೆ ಮೂಗು ಒತ್ತಿ ಒಳಗೆ ಇಣುಕಿದ.

“ಕಾಲು ಎಷ್ಟು ದಪ್ಪ ಇತ್ತೇ?”

“ಇಷ್ಟೇ” ಅವಳು ಕಿರುಬೆರಳು ಎತ್ತಿದಳು.

“ನೀನು ನೋಡಿದ್ಯಾ?”

ಚಿನಕುರುಳಿ ತನ್ನ ಕಿರುಬೆರಳನ್ನೇ ನೋಡಿಕೊಂಡಳು. ಅಪ್ಪನ ಕೆಂಪು ಕೈ ಕಣ್ಣ ಮುಂದೆ ಬಂತು.

“ಅಪ್ಪ ತೋರಿಸ್ದ” ಅಂದಳು.

ಒಂದು ಸಲ ಅಪ್ಪ ಕೆತ್ತಿದ ಐಸ್ ಕೊಕ್ಕರೆಯನ್ನೇ ಕಣ್ಣಾರೆ ನೋಡಬೇಕೆಂಬ ಆಸೆ ಹೋಗಿರಲಿಲ್ಲ. ಆದರೂ ಅವಳು ಆ ನೀರನ್ನು ಚೆಲ್ಲಲಿಲ್ಲ. ಸಂಜೆ ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕುಳಿತಳು.