ಕಮಲಾಪುರದ ಸಕ್ಕರೆ ಪುಡಾ

ಹನ್ನೆರಡು ವರ್ಷದ ಹಿಂದೆ ಸೊಲ್ಲಾಪುರದ ಶಾಲೆಯ ಬೇವಿನ ಗಿಡದ ಕೆಳಗೆ ಮೂವರು ಗೆಳೆಯರು ಕೈ ಮೇಲೆ ಕೈ ಇಟ್ಟು ವಚನ ಕೊಟ್ಟುಕೊಂಡಿದ್ದರು: ಮೂವರೂ ಕೂಡಿ ಪರದೇಶಕ್ಕೆ ಹೋಗುವುದು, ಮೂವರೂ ಕೂಡಿಯೇ ತಿರುಗಿ ಬರುವುದು.

ಆಗ ಅವರ ಮನಸ್ಸಿನಲ್ಲಿದ್ದದ್ದು ವಿಲಾಯತಿ. ಗಿರಣಿಯಲ್ಲಿ ಕಾರಕೂನರಾದ ಮೇಲೆ ಕೈಗೆಟುಕಿದ್ದು ನಿಜಾಮರ ಕಲಬುರಗಿ.

"ಗಡಿ ದಾಟಿದ್ರ ರಾಜ ಬ್ಯಾರೆ, ರೂಪಾಯಿ ಮ್ಯಾಲಿನ ಮುದ್ರಿ ಬ್ಯಾರೆ. ಪರದೇಶ ಅನ್ನಾಕ ಇನ್ನೇನ್ ಬೇಕಲೇ?" ಅಂದ ಖಂಡೆಪ್ಪ. ಅಂಬಣ್ಣ ಒಪ್ಪಿದ. ನೀಲಕಂಠ ನಗುತ್ತಲೇ ಒಪ್ಪಿದ.

ಕಲಬುರಗಿಯ ಬ್ರಹ್ಮಪುರದಲ್ಲಿ ಖಂಡೆಪ್ಪನ ಸೋದರತ್ತೆ ಚಂದಮ್ಮನ ಮನೆಯಲ್ಲಿ ಇಳಿದರು. ಮುಂಜಾನೆ ಕೋಟೆಯ ಬುರುಜು ಹತ್ತುವುದು, ಮಧ್ಯಾಹ್ನ ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ ಉಂಡು ಮಲಗುವುದು. ನಾಲ್ಕನೆಯ ದಿನ ಅತ್ತೆಯೇ ಬೇಸತ್ತಳು.

"ಕಮಲಾಪುರಕ್ಕ ಹೋಗ್ರೋ. ನಮ್ಮ ಪೈಕಿ ಗುರುಲಿಂಗಪ್ಪನ ತೋಟದಾಗ ಕೆಂಪು ಬಾಳೆಹಣ್ಣು ಅದಾವ. ಅಂಥ ರುಚಿ ನಿಮ್ಮ ಇಂಗ್ರೇಜರ ರಾಜ್ಯದಾಗ ಸಿಗಂಗಿಲ್ಲ. ಖಾಲಿ ಕೈಲೆ ಮಾತ್ರ ಹೋಗಬ್ಯಾಡ್ರಿ."

ಪೇಡೆ ಕೊಂಡರು. ಎತ್ತಿನ ಗಾಡಿ ಊರು ದಾಟುವಷ್ಟರಲ್ಲಿ ಖಂಡೆಪ್ಪ ಅದನ್ನು ತಿಂದು ಮುಗಿಸಿದ. ದಾರಿಯ ಅಂಗಡಿಯಲ್ಲಿ ಸಿಕ್ಕದ್ದು ಸಕ್ಕರೆ ಒಂದೇ. ಅದನ್ನೇ ಕಾಗದದಲ್ಲಿ ಪುಡಾ ಕಟ್ಟಿಸಿ, ದಾರ ಸುತ್ತಿಸಿಕೊಂಡು ನೀಲಕಂಠ ಮಡಿಲಲ್ಲಿಟ್ಟುಕೊಂಡ.

ಸಂಜೆಯ ಬಿಸಿಲು ಕಮಲಾಪುರದ ಕೆಂಪು ಮಣ್ಣಿಗೆ ಇನ್ನಷ್ಟು ಕೆಂಪು ಬಳಿದಿತ್ತು. ಬಾಳೆಯ ಎಲೆ ಸರಿಸಿ ಒಬ್ಬಳು ಹೊರಬಂದಳು. ಗುರುಲಿಂಗಪ್ಪನ ಮಗಳು ಭಾಗಮ್ಮ. ಹತ್ತೊಂಬತ್ತು ತುಂಬಿದರೂ ಬಂದ ವರಗಳನ್ನೆಲ್ಲ ನಕ್ಕೇ ಓಡಿಸಿದವಳು.

"ಹಣ್ಣಿಗೆ ಬಂದೀರೋ, ದಾರಿ ತಪ್ಪಿ ಬಂದೀರೋ?" ಎಂದು ಕೇಳಿ, ಸೆರಗಿನ ಅಂಚು ಹಲ್ಲಲ್ಲಿ ಕಚ್ಚಿ ನಗು ತಡೆದಳು. ತುಟಿ ಸುಮ್ಮನಿತ್ತು. ಕಣ್ಣು ಸುಮ್ಮನಿರಲಿಲ್ಲ.

ನೀಲಕಂಠ ಅವಳನ್ನೇ ನೋಡುತ್ತ ಗಾಡಿಯಿಂದ ಇಳಿದ. ಕಟ್ಟೆಯ ಮೇಲೆ ಕೂತಿದ್ದ ಅವಳ ಅಜ್ಜಿ ದುಂಡಮ್ಮನಿಗೆ ಕೊಡಬೇಕಾದ ಸಕ್ಕರೆಯನ್ನು ನೆಟ್ಟಗೆ ಹೋಗಿ ಭಾಗಮ್ಮನ ಎರಡೂ ಕೈಯಲ್ಲಿ ಇಟ್ಟುಬಿಟ್ಟ.

"ಅಯ್ಯ ನಮ್ಮವ್ವ! ಸಕ್ಕರಿ ಪುಡಾ ಆಯ್ತಲ್ಲೇ!" ಅಜ್ಜಿ ಕೋಲು ಬಿಟ್ಟು ಎದ್ದಳು. "ಗಂಡಿನಾಂವ ಹುಡುಗಿ ಕೈಯಾಗ ಸಕ್ಕರಿ ಇಟ್ಟ ಮ್ಯಾಲ ಲಗ್ನ ನಿಕ್ಕಿ! ಗುರುಲಿಂಗಾ, ಓಡಿ ಬಾರೋ!"

ಗುರುಲಿಂಗಪ್ಪ ಬಾಳೆ ಕೊಯ್ಯುವ ಕುಡುಗೋಲು ಹಿಡಿದೇ ಬಂದ. ಖಂಡೆಪ್ಪ ಗಾಡಿಯ ಹಿಂದೆ ಸರಿದ.

"ನಿಮ್ಮ ಮನಿ ಯಾವುದ್ರೀ? ನಿಮ್ಮವ್ವಗ ಯಾವಾಗ ಕರಕೊಂಡು ಬರ್ತೀರಿ?" ಮಾತು ಬಹಳ ಮರ್ಯಾದೆಯದು. ಕುಡುಗೋಲು ಮಾತ್ರ ಕೈಯಲ್ಲೇ ಇತ್ತು.

"ಅಪ್ಪಾ, ತಡೀರಿ," ಎಂದಳು ಭಾಗಮ್ಮ. ನೀಲಕಂಠನ ಮುಂದೆ ಬಂದು ದನಿ ತಗ್ಗಿಸಿದಳು. "ತಿಳೀದ ಕೊಟ್ಟಿದ್ರ ಹೇಳಿಬಿಡ್ರಿ. ಈಗೇ ಬಿಚ್ಚಿ ಹಾಲಿಗೆ ಹಾಕ್ತೇನಿ, ಎಲ್ಲಾರೂ ಕುಡದು ಮರತುಬಿಡೂಣು. ನಾ ಯಾರ ಕೊರಳಿಗೂ ಬೀಳಾಕಿ ಅಲ್ಲ."

ಅವಳ ಬೆರಳು ದಾರದ ಗಂಟಿನ ಮೇಲಿತ್ತು. ನಗು ಮಾಯವಾಗಿತ್ತು. ಹೌದು ಅಂದರೆ ಹಾಲು ಕುಡಿದು, ಹಣ್ಣು ತಿಂದು ಹೊರಡಬಹುದಿತ್ತು. ಆ ಕಣ್ಣು ಇನ್ನೊಮ್ಮೆ ಕಾಣುತ್ತಿರಲಿಲ್ಲ.

"ಕೊಡೂವಾಗ ತಿಳದಿರಲಿಲ್ಲರಿ," ಅಂದ ನೀಲಕಂಠ.

ಅವಳ ಬೆರಳು ಗಂಟು ಎಳೆಯತೊಡಗಿತು.

"ಈಗ ತಿಳೀತು. ಬಿಚ್ಚಬ್ಯಾಡ್ರಿ."

ಬೆರಳು ನಿಂತಿತು. "ಮತ್ತ ಹಾಲಿಗೆ?"

"ಬೆಲ್ಲ ಹಾಕ್ರಿ."

ಈ ಸಲ ಸೆರಗು ಕಚ್ಚುವಷ್ಟು ಪುರುಸೊತ್ತು ಅವಳ ನಗು ಕೊಡಲಿಲ್ಲ.

"ನೀಲ್ಯಾ, ಸೋಮವಾರ ಗಿರಣಿ ಐತೋ!" ಅಂಬಣ್ಣ ಗೋಗರೆದ. "ವಚನಾ ನೆನಪ ಐತೇನು?"

"ಐತಿ."

"ಮತ್ತ ನಡಿ!"

"ಅವರು ಎಲ್ಲಿಗೂ ಬರಂಗಿಲ್ಲರಿ," ಅಂದ ಗುರುಲಿಂಗಪ್ಪ, ಕುಡುಗೋಲನ್ನು ಅಳಿಯನ ಮೇಲಿನ ಪ್ರೀತಿಯಿಂದ ಕೆಳಗಿಟ್ಟು. "ಅವರವ್ವಗ ಕಾಗದ ಬರೀತೇನಿ. ಆಕಿ ಬರೂತನಕ ಅಳಿಯಂದಿರು ಇಲ್ಲೇ. ಹಣ್ಣು ನೀವು ಒಯ್ರಿ."

ಖಂಡೆಪ್ಪ ಹಣ್ಣಿನ ಬುಟ್ಟಿಯನ್ನು ನೋಡಿದ, ಗೆಳೆಯನನ್ನು ನೋಡಿದ, ಬುಟ್ಟಿಯನ್ನು ಎತ್ತಿಕೊಂಡ.

ಮೂವರು ಪರದೇಶಕ್ಕೆ ಹೋಗಿದ್ದರು. ಇಬ್ಬರು ತಿರುಗಿ ಬಂದರು. ವಚನ ಮುರಿಯಿತು.