ತೊಳೆದ ಕಾಲುಗಳು

“ಇನ್ನೂ ಸ್ವಲ್ಪ ಬಿಡೋ!”

ಮೇಸ್ತ್ರಿ ಮೇಲಿನಿಂದ ಕೈ ಬೀಸಿದ. ಪಂಪಿನ ಪೈಪು ಗೊರಗೊರ ಎಂದಿತು. ಹಸಿ ಕಾಂಕ್ರೀಟ್ ದೊಪ್ಪನೆ ಬಿತ್ತು... ನನ್ನ ಮೇಲೆ!

ನಾನು ಲಿಫ್ಟ್ ಗುಂಡಿಯಲ್ಲಿದ್ದೆ. ಲಿಫ್ಟ್ ಬರುವುದಕ್ಕೆ ಇನ್ನೂ ಬಹಳ ಕಾಲವಿತ್ತು. ಸದ್ಯಕ್ಕೆ ಅಲ್ಲಿದ್ದದ್ದು ಕಬ್ಬಿಣದ ಸರಳುಗಳು, ಮೊಣಕಾಲುದ್ದ ಕಾಂಕ್ರೀಟ್, ಮತ್ತು ಅದರಲ್ಲಿ ಹೂತುಹೋಗಿದ್ದ ನನ್ನ ಎರಡು ಕಾಲು.

ನೀವು ಯಾವತ್ತಾದರೂ ಹಸಿ ಕಾಂಕ್ರೀಟಿನಲ್ಲಿ ನಿಂತಿದ್ದೀರಾ?

ನಿಲ್ಲಬೇಡಿ.

“ಪತ್ತೇದಾರ್ರು ಏನೋ ಹುಡುಕ್ತಾ ಇದ್ರಲ್ಲ...” ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತ. “ಸಿಕ್ತಾ?”

“ಸಿಕ್ತು. ನೀನು ಸಿಕ್ಕಿದ್ಯಲ್ಲ.”

“ಬಾಯಿಗೇನೂ ಕಮ್ಮಿ ಇಲ್ಲ.” ಅವನು ಪಕ್ಕಕ್ಕೆ ತಿರುಗಿದ. “ವೈಬ್ರೇಟರ್ ತಗೊಂಡು ಬಾರೋ!”

ಅವನ ಬಂಟ ಒಬ್ಬ ಗುಂಡಿಯ ಅಂಚಿನ ಒಣ ಹಲಗೆಯ ಮೇಲೆ ನಿಂತಿದ್ದ. ಬೀರುವಿನಷ್ಟು ಅಗಲದ ಆಸಾಮಿ! ಕೈಗೆ ರಬ್ಬರ್ ಗ್ಲೌಸು, ಕಾಲಿಗೆ ಗಂಬೂಟು. ಕೈಯಲ್ಲಿ ಉದ್ದನೆಯ ಕಪ್ಪು ಹೋಸು. ಹೋಸಿನ ಒಂದು ತುದಿಗೆ ಕರೆಂಟಿನ ಮೋಟರು, ಇನ್ನೊಂದು ತುದಿಗೆ ಕಬ್ಬಿಣದ ದಪ್ಪ ಕೋಲು. ಅದಕ್ಕೆ ಇವರು ನೀಡಲ್ ಎನ್ನುತ್ತಾರೆ. ಕಾಂಕ್ರೀಟಿಗೆ ಅದನ್ನು ಚುಚ್ಚಿ ಸ್ವಿಚ್ ಹಾಕಿದರೆ ಗಡಗಡ ನಡುಗುತ್ತದೆ. ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಮೇಲೆ ಬರುತ್ತದೆ. ಕಾಂಕ್ರೀಟ್ ಒಂದು ಕ್ಷಣ ಗಂಜಿಯಾಗಿ, ಸಂದುಗೊಂದಿಗೆಲ್ಲ ಇಳಿದು, ಗಟ್ಟಿಯಾಗಿ ಕೂತುಕೊಳ್ಳುತ್ತದೆ.

ಸಂದುಗೊಂದಿ ಎಂದರೆ ನನ್ನ ಕಾಲಿನ ಸುತ್ತಲೂ!

ಆದರೆ ನನ್ನ ಹೆದರಿಕೆ ಅದಾಗಿರಲಿಲ್ಲ. ಆ ಮೆಷಿನ್ನಿನಲ್ಲಿ ಕರೆಂಟು ಲೀಕ್ ಆಗುತ್ತಿತ್ತು. ಅದು ನನಗೆ ಗೊತ್ತಿತ್ತು. ಮೇಸ್ತ್ರಿಗೂ ಗೊತ್ತಿತ್ತು. ಅದು ಗೊತ್ತಿದ್ದ ಮೂರನೆಯವನು ಮಣ್ಣಿನಡಿ ಮಲಗಿದ್ದ.

ಅವನ ಹೆಂಡತಿಯೇ ನನ್ನನ್ನು ಈ ಗುಂಡಿಗೆ ಇಳಿಸಿದ್ದು.

* * *

ನನ್ನ ಆಫೀಸು ಝೆರಾಕ್ಸ್ ಅಂಗಡಿಯ ಮೇಲಿದೆ. ಒಂದು ಮೇಜು, ಸದ್ದು ಮಾತ್ರ ಮಾಡುವ ಒಂದು ಫ್ಯಾನು. ಪೊಲೀಸರ ಹತ್ತಿರ ಹೋಗಿ ಸುಸ್ತಾದವರು ನನ್ನ ಹತ್ತಿರ ಬರುತ್ತಾರೆ. ಅವಳೂ ಹಾಗೆಯೇ ಬಂದಳು. ಕೂತುಕೊಳ್ಳಲಿಲ್ಲ.

“ನನ್ನ ಗಂಡ ರಸ್ತೆ ಮೇಲೆ ಸತ್ತಿಲ್ಲ ಅಣ್ಣಾ.”

“ಯಾರು ರಸ್ತೆ ಅಂದ್ರು?”

“ಎಲ್ಲರೂ. ಕೆಲಸ ಮುಗಿಸಿ ಬರ್ತಿದ್ದ, ಯಾವುದೋ ಲಾರಿ ಗುದ್ದಿ ಹೋಯ್ತು ಅಂತ. ಮೇಸ್ತ್ರಿ ಅಂದ, ಪೊಲೀಸ್ರೂ ಅಂದ್ರು.”

“ಪೋಸ್ಟ್‌ಮಾರ್ಟಂ?”

“ಮೇಸ್ತ್ರಿನೇ ಓಡಾಡಿ ಮಾಡಿಸ್ದ.”

ಅಲ್ಲಿಗೆ ಆ ರಿಪೋರ್ಟು ಹೇಗೆ ಬಂದಿರಬಹುದು ಎಂದು ನನಗೆ ಅರ್ಥವಾಯಿತು.

“ನಿನಗ್ಯಾಕೆ ಅನುಮಾನ?”



“ಕಾಲು ತೊಳೆದಿತ್ತು.”

“ಏನು?”

“ಮದುವೆ ಆದಾಗಿಂದ ನೋಡಿದ್ದೀನಿ. ವೈಬ್ರೇಟರ್ ಹಿಡಿಯೋನ ಕಾಲು ಹೇಗಿರುತ್ತೆ ಗೊತ್ತಾ? ಸಿಮೆಂಟು ಬಿರುಕಿನೊಳಗೆಲ್ಲ ಕೂತುಬಿಟ್ಟಿರುತ್ತೆ. ಸೋಪು ಹಾಕಿದ್ರೂ ಹೋಗಲ್ಲ, ಕಲ್ಲಲ್ಲಿ ಉಜ್ಜಿದ್ರೂ ಹೋಗಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿ ನೋಡ್ತೀನಿ... ಉಗುರಿನ ಸಂದಿ ಕೂಡ ಬೆಳ್ಳಗಿತ್ತು. ಯಾರೋ ಕೂತು ತೊಳೆದಿದ್ದಾರೆ ಅಣ್ಣಾ. ರಸ್ತೆ ಮೇಲೆ ಸತ್ತೋನ ಕಾಲು ಯಾರು ತೊಳೀತಾರೆ?”

ನಾನು ಪೆನ್ನು ಕೆಳಗಿಟ್ಟೆ.

“ಹೇಗಿದ್ದ ನಿನ್ನ ಗಂಡ?”

“ಒಳ್ಳೇವ್ನು.” ಅಷ್ಟೇ ಅಂದಳು. ಆಮೇಲೆ ತಡೆಯಲಾರದೆ, “ಕೈ ನಡುಗ್ತಾ ಇರೋದು. ದಿನವೆಲ್ಲ ಆ ಮೆಷಿನ್ ಹಿಡಿದು, ರಾತ್ರಿ ನಿದ್ದೇಲೂ ನಡುಗೋದು. ನಾನು ಕೈ ಹಿಡ್ಕೊಂಡು ಮಲಗ್ತಿದ್ದೆ. ಈಗ ನಡುಕ ಇಲ್ದೆ ನಿದ್ದೆ ಬರಲ್ಲ.”

ನಾನು ಗಟ್ಟಿಗ. ಹಾಗೆಂದು ಊರೆಲ್ಲ ಹೇಳುತ್ತದೆ. ಆದರೂ ಆವತ್ತು ಎದ್ದು ಕಿಟಕಿಯ ಕಡೆ ತಿರುಗಿ ನಿಂತೆ.

“ಆ ಸೈಟಲ್ಲಿ ನಿನಗೆ ಗೊತ್ತಿರೋರು ಯಾರಾದ್ರೂ?”

“ನನ್ನ ತಮ್ಮ ಇದ್ದಾನೆ. ವೈರ್‌ಮನ್ನು. ನಾನೇ ಗಂಡನಿಗೆ ದುಂಬಾಲು ಬಿದ್ದು ಸೇರಿಸಿದ್ದು. ಆದ್ರೆ ಅವನು ಆವತ್ತು ರಜೆ.”

* * *

ಮಾರನೆಯ ದಿನವೇ ಸೈಟಿಗೆ ಹೋದೆ. ಟೈಲ್ಸ್ ಮಾರುವವನ ವೇಷ. ವೈಬ್ರೇಟರಿನ ಮೋಟರು ಒಂದು ಮೂಲೆಯಲ್ಲಿತ್ತು. ಬಗ್ಗಿ ನೋಡಿದೆ. ಅರ್ಥಿಂಗ್ ವೈರು ಬುಡದಲ್ಲೇ ತುಂಡಾಗಿತ್ತು. ಮುಟ್ಟಿದರೆ ಶಾಕ್ ಕೊಡುವ ಮೆಷಿನ್! ಕೂಲಿಯವರನ್ನು ಒಬ್ಬೊಬ್ಬರಾಗಿ ಕೇಳಿದೆ. ವೈಬ್ರೇಟರಿನವನ ಮಾತೆತ್ತಿದ ಕೂಡಲೇ ಎಲ್ಲರಿಗೂ ಅರ್ಜೆಂಟು ಕೆಲಸ ನೆನಪಾಗುತ್ತಿತ್ತು. ಯಾರೋ ಒಬ್ಬ ಹೋಗಿ ಮೇಸ್ತ್ರಿಯ ಕಿವಿಗೆ ಹಾಕಿರಬೇಕು.

ಊಟದ ಹೊತ್ತಿಗೆ ಸೈಟು ಖಾಲಿಯಾಯಿತು. ಹಿಂದಿನಿಂದ ಯಾರೋ ಒದ್ದರು. ಕಣ್ಣು ಬಿಟ್ಟರೆ ಗುಂಡಿಯಲ್ಲಿದ್ದೆ. ಎದ್ದು ನಿಲ್ಲುವಷ್ಟರಲ್ಲಿ ಕಾಂಕ್ರೀಟು ಮೊಣಕಾಲಿಗೆ ಬಂದಿತ್ತು.

ಈಗ ಬಂಟ ನೀಡಲನ್ನು ನನ್ನ ಕಾಲಿನ ಪಕ್ಕ ಚುಚ್ಚಿದ.

“ಟೈಲ್ಸ್‌ನವನು ಕುತೂಹಲಕ್ಕೆ ಮೆಷಿನ್ ಮುಟ್ಟಿದ... ಪಾಪ, ಶಾಕ್ ಹೊಡೀತು,” ಮೇಸ್ತ್ರಿ ಹೇಳಿದ. “ಅಷ್ಟೇ. ಹಾಕೋ ಸ್ವಿಚ್ಚು!”

ಗರ್ರ್...!

ಕಾಂಕ್ರೀಟ್ ಕುದಿಯುವ ಹಾಗೆ ಅಲುಗಾಡಿತು. ಪಾದದಿಂದ ತೊಡೆಯವರೆಗೆ ಜುಂ ಎಂದಿತು. ಹಲ್ಲು ಕಚ್ಚಿಕೊಂಡವು. ಕೂಗಬೇಕೆಂದರೆ ಬಾಯಿ ಬಿಡಲಾಗುತ್ತಿಲ್ಲ! ಮುಗಿಯಿತು ಅಂದುಕೊಂಡೆ.

ಟಪ್!

ಮೋಟರು ನಿಂತಿತು. ಮಿಕ್ಸರು ನಿಂತಿತು. ಇಡೀ ಕಟ್ಟಡದ ಕರೆಂಟು ಹೋಗಿತ್ತು.

ತಲೆಯೆತ್ತಿದೆ. ಮೊದಲನೇ ಮಹಡಿಯಲ್ಲಿ, ಮೇನ್ ಬೋರ್ಡಿನ ಪಕ್ಕ ಒಬ್ಬ ನಿಂತಿದ್ದ. ಜೇಬಿನಲ್ಲಿ ಟೆಸ್ಟರು. ಕೈ ಇನ್ನೂ ಮೇನ್ ಸ್ವಿಚ್ಚಿನ ಮೇಲೆಯೇ ಇತ್ತು. ಮುಖದಲ್ಲಿ ಅವನ ಅಕ್ಕನ ಅದೇ ಕಣ್ಣು.

ಅವನು ನನ್ನನ್ನು ನೋಡಿದ. ಓಡಿದ!

ನನ್ನ ಜೀವ ಉಳಿಸಿದವನು ನನ್ನನ್ನೇ ನೋಡಿ ಯಾಕೆ ಓಡಬೇಕು?

ಯೋಚಿಸಲು ಪುರುಸೊತ್ತಿರಲಿಲ್ಲ. ಎರಡು ಕೈಯಲ್ಲೂ ಕಾಂಕ್ರೀಟ್ ಬಾಚಿ ಬಂಟನ ಮುಖಕ್ಕೆ ಎಸೆದೆ. ಅವನು ಕಣ್ಣು ಹಿಡಿದುಕೊಂಡು ಅರಚಿದ. ಕೈಬಿಟ್ಟ ನೀಡಲನ್ನು ಹಿಡಿದೆಳೆದೆ. ಬಂಟ ಹೋಸಿಗೆ ಕಾಲು ಸಿಕ್ಕಿ ಮುಗ್ಗರಿಸಿ ಗುಂಡಿಗೇ ಬಿದ್ದ. ಅವನ ಬೆನ್ನೇ ನನಗೆ ಮೆಟ್ಟಿಲಾಯಿತು. ಬೂಟು ಬರಲಿಲ್ಲ. ಕಾಲು ಬಂತು. ಅಷ್ಟು ಸಾಕು!

“ಹಿಡೀರೋ ಅವನ್ನ!” ಮೇಸ್ತ್ರಿ ಕೂಗಿದ.

ಯಾರನ್ನು ಕರೆಯುತ್ತಾನೆ? ಊಟ ಮುಗಿಸಿದ ಕೂಲಿಗಳು ಗೇಟಿನಲ್ಲಿ ಒಬ್ಬೊಬ್ಬರಾಗಿ ಕಾಣಿಸಿಕೊಂಡರು. ಬರಿಗಾಲಲ್ಲಿ ಕಾಂಕ್ರೀಟ್ ಸುರಿಸಿಕೊಂಡು ನಿಂತಿದ್ದ ನನ್ನನ್ನು ನೋಡಿದರು. ಮೇಸ್ತ್ರಿಯನ್ನು ನೋಡಿದರು. ಒಬ್ಬನೂ ಮುಂದೆ ಬರಲಿಲ್ಲ.

ನಾನು ಮೆಟ್ಟಿಲು ಹಿಡಿದು ಓಡಿದೆ.

* * *

ಕಂಬಿಯಿಲ್ಲದ ಮೆಟ್ಟಿಲು. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಗಾಳಿ. ಮೇಲೆ ಅವನ ಚಪ್ಪಲಿಯ ಪಟಪಟ ಸದ್ದು. ಕಾಲಿಗೆ ಮೊಳೆ ಚುಚ್ಚಿತು. ಕಿತ್ತೆಸೆದು ಓಡಿದೆ.

“ನಿಲ್ಲೋ! ನಿಮ್ಮಕ್ಕ ಕಳಿಸಿದ್ದು ನನ್ನನ್ನ!”

ಚಪ್ಪಲಿಯ ಸದ್ದು ಇನ್ನೂ ಜೋರಾಯಿತು.

ತಾರಸಿಗೆ ಬಂದಾಗ ಅವನು ತುದಿಯಲ್ಲಿದ್ದ. ಹಿಮ್ಮಡಿ ಸಿಮೆಂಟಿನ ಮೇಲೆ, ಬೆರಳು ಗಾಳಿಯಲ್ಲಿ.

“ಹತ್ತಿರ ಬರಬೇಡಿ!”

“ಬರಲ್ಲಪ್ಪ. ಬಿದ್ದರೆ ನಿನ್ನನ್ನ ಹಿಡಿಯೋ ಶಕ್ತಿಯೂ ನನಗಿಲ್ಲ.” ನಾನು ಅಲ್ಲೇ ಕೂತುಬಿಟ್ಟೆ. ನಿಜಕ್ಕೂ ಇರಲಿಲ್ಲ. “ನೀನು ಆವತ್ತು ರಜೆ ಇರಲಿಲ್ಲ.”

ಅವನು ತಲೆ ಅಲ್ಲಾಡಿಸಿದ.

“ಹೇಳು. ಹೇಳಿ ಆಮೇಲೆ ಹಾರು. ನಿಮ್ಮಕ್ಕನಿಗೆ ಒಂದಾದರೂ ನಿಜ ಗೊತ್ತಾಗ್ಲಿ.”

“ಸ್ವಿಚ್ಚು ಬೀಳ್ತಾನೇ ಇತ್ತು ಸಾರ್...” ಗಾಳಿಗೆ ಅವನ ಮಾತು ತುಂಡು ತುಂಡಾಗಿ ಬಂತು. “ಟ್ರಿಪ್ ಸ್ವಿಚ್ಚು. ಮೋಟರ್ ಲೀಕ್ ಇದ್ರೆ ತಾನಾಗೇ ಬೀಳುತ್ತೆ. ನಾನು ಹಾಕ್ತೀನಿ, ಬೀಳುತ್ತೆ. ಹಾಕ್ತೀನಿ, ಬೀಳುತ್ತೆ. ಲಾರಿಗಳು ಸಾಲಾಗಿ ನಿಂತಿವೆ. ಸ್ಲ್ಯಾಬು ಅರ್ಧ ಆಗಿದೆ, ಮಧ್ಯೆ ನಿಲ್ಲಿಸೋ ಹಾಗಿಲ್ಲ. ಮೇಸ್ತ್ರಿ ಬಾಯಿಗೆ ಬಂದ ಹಾಗೆ ಬೈತಿದ್ದ, ಡೈರೆಕ್ಟ್ ಕೊಡೋ ಲೈನು ಅಂತ. ನಾನು ಆಗಲ್ಲ ಅಂದೆ. ಆಗ ಭಾವನೇ ಕೂಗ್ದ... ಕೊಡೋ ಮಾರಾಯ, ಕಾಂಕ್ರೀಟು ಗಟ್ಟಿ ಆಗ್ತಿದೆ ಅಂತ.”

“ಕೊಟ್ಟೆ?”

“ಕೊಟ್ಟೆ. ಸ್ವಿಚ್ಚಿಗೆ ಹಾಕದೇನೇ ವೈರ್ ಸೇರಿಸ್ದೆ. ಆಮೇಲೆ ಸ್ವಿಚ್ಚು ಬೀಳ್ಲಿಲ್ಲ.”

ಅವನು ಮುಖ ಮುಚ್ಚಿಕೊಂಡ. ತುದಿಯಲ್ಲಿ ಓಲಾಡಿದ.

“ಕೂಗ್ಲಿಲ್ವಾ ಭಾವ?”

“ಇಲ್ಲ ಸಾರ್. ಮೆಷಿನ್ ಹಿಡ್ಕೊಂಡು ನಿಂತಿದ್ದ. ನಡುಗ್ತಿದ್ದ. ವೈಬ್ರೇಟರ್ ಹಿಡಿದೋನು ಯಾವಾಗ್ಲೂ ನಡುಗ್ತಾನೇ ಇರ್ತಾನೆ ಸಾರ್! ನಾವೆಲ್ಲ ಅಲ್ಲೇ ಇದ್ವಿ. ಕೆಲಸ ಮಾಡ್ತಿದ್ದಾನೆ ಅಂತಾನೇ ಅಂದ್ಕೊಂಡ್ವಿ. ನಾನು ನೋಡ್ತಾನೇ ಇದ್ದೆ. ನೋಡಿ... ನಗ್ತಾ ಕೈ ಬೇರೆ ಎತ್ತಿದೆ ಅವನಿಗೆ. ನೋಡು, ಸರಿ ಮಾಡ್ದೆ ಅಂತ...”

ಹೆಣ ನೋಡಿದ್ದೇನೆ, ಕೊಲೆ ನೋಡಿದ್ದೇನೆ. ಸಾಯುತ್ತಿರುವವನಿಗೆ ನಗುತ್ತಾ ಕೈ ಎತ್ತಿದವನನ್ನು ನೋಡಿದ್ದು ಅದೇ ಮೊದಲು. ಅವನ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ.

“ರಸ್ತೆಗೆ ಹಾಕಿದ್ದು ಯಾರು?”

“ಮೇಸ್ತ್ರಿ. ಬಾಯಿ ಬಿಟ್ರೆ ಲೈನ್ ಕೊಟ್ಟೋನು ನೀನೇ ಅಂತೀನಿ, ನೇಣಿಗೆ ಹಾಕಿಸ್ತೀನಿ ಅಂದ. ನಾನು ಒಂದೇ ಕೇಳ್ಕೊಂಡೆ. ತೊಳೆದು ಕಳಿಸೋಣ ಅಂತ. ಮೈಮೇಲೆ ಕಾಂಕ್ರೀಟು ಗಟ್ಟಿ ಆಗ್ತಿತ್ತು ಸಾರ್... ಹಾಗೇ ಅಕ್ಕನ ಹತ್ರ ಹೇಗೆ ಕಳಿಸ್ಲಿ? ಬ್ರಶ್ ತಗೊಂಡು ಉಜ್ಜಿದೆ. ಎಲ್ಲಾ ಹೋಗೋವರೆಗೂ ಉಜ್ಜಿದೆ.”

ಆ ಕೆಲಸವೇ ಅವನನ್ನು ಹಿಡಿದುಕೊಟ್ಟಿತು. ಮೇಸ್ತ್ರಿ ಎಲ್ಲ ಸಾಕ್ಷಿಯನ್ನೂ ಅಳಿಸಿದ್ದ. ಈ ಬಡಪಾಯಿಯ ಪ್ರೀತಿಯೊಂದು ಉಳಿದುಬಿಟ್ಟಿತ್ತು.

“ಈಗ ನೀನು ಹಾರಿದ್ರೆ,” ನಾನು ಹೇಳಿದೆ, “ಮೇಸ್ತ್ರಿ ಹಾಲು ಕುಡಿದಷ್ಟು ಖುಷಿ ಪಡ್ತಾನೆ. ನಿಮ್ಮಕ್ಕ ಇನ್ನೊಂದು ಹೆಣ ನೋಡೋಕೆ ಆಸ್ಪತ್ರೆಗೆ ಬರಬೇಕು. ಆ ಹೆಣದ ಕಾಲು ಯಾರು ತೊಳೀತಾರೆ, ನಾನಾ?”

ಅವನು ಕೆಳಗೆ ನೋಡಿದ. ಆಮೇಲೆ ಒಂದು ಹೆಜ್ಜೆ ಹಿಂದೆ ಬಂದ. ನಾನು ಕೊರಳಪಟ್ಟಿ ಹಿಡಿದು ಎಳೆದುಕೊಂಡೆ. ಎರಡು ಬಿಗಿಯಬೇಕೆಂದು ಕೈ ಎತ್ತಿದೆ. ಅವನು ನನ್ನ ಭುಜಕ್ಕೆ ತಲೆಯಿಟ್ಟು ಅಳತೊಡಗಿದ. ಎತ್ತಿದ ಕೈಯನ್ನು ಅವನ ಬೆನ್ನ ಮೇಲೆ ಇಟ್ಟೆ.

* * *

ಅಷ್ಟು ಕೂಲಿಗಳ ಎದುರು ಮೇಸ್ತ್ರಿ ನಮ್ಮನ್ನು ತಡೆಯಲಿಲ್ಲ. ಅವಳ ಮನೆಯ ಮುಂದೆ ಅವನನ್ನು ಬೀದಿಯಲ್ಲಿ ನಿಲ್ಲಿಸಿ ನಾನೊಬ್ಬನೇ ಒಳಗೆ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಏನನ್ನೂ ಬಿಡಲಿಲ್ಲ. ಹೇಳಿ ಮುಗಿಸುವವರೆಗೂ ಅವಳ ಕೈ ಮೊರದ ಮೇಲೆ ಆಡುತ್ತಲೇ ಇತ್ತು. ಆಮೇಲೆ ನಿಂತಿತು.

“ಅವ್ರೇ ಕೊಡು ಅಂದ್ರಂತಾ? ನಮ್ಮನೆಯವ್ರು?”

“ಹೂಂ.”

“ಹಾಗೇನೇ ಅವ್ರು. ಕೆಲಸ ನಿಂತ್ರೆ ತಡ್ಕೊಳ್ಳೋರಲ್ಲ.” ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಭುಜ ಅಲುಗಿತು. ಸದ್ದು ಬರಲಿಲ್ಲ.

“ನೋಡಮ್ಮಾ,” ನಾನು ಹೇಳಿದೆ. “ಎರಡು ದಾರಿ ಇದೆ. ನಿನ್ನ ತಮ್ಮ ಬಾಯಿ ಬಿಟ್ರೆ ಮೇಸ್ತ್ರಿ ಒಳಗೆ ಹೋಗ್ತಾನೆ. ಆದ್ರೆ ಲೈನ್ ಕೊಟ್ಟ ಕೈ ಇವನದು. ಇವನೂ ಒಳಗೆ ಹೋಗ್ತಾನೆ. ಬೇಡ ಅಂದ್ರೆ ಹೇಳು. ಲಾರಿ ಗುದ್ದಿದ್ದು ಅಂತ ನಾನೂ ಒಪ್ಕೊಂಡುಬಿಡ್ತೀನಿ.”

ಅವಳು ಎದ್ದಳು. ಬಾಗಿಲಿಗೆ ಹೋಗಿ ಬೀದಿಯ ಕಡೆ ನೋಡಿದಳು. ತಮ್ಮ ತಲೆ ತಗ್ಗಿಸಿ ನಿಂತಿದ್ದ.

“ಒಳಗೆ ಬಾ. ಮೊದಲು ಊಟ ಮಾಡು,” ಅಂದಳು. “ಆಮೇಲೆ ಸ್ಟೇಷನ್ನಿಗೆ ಹೋಗೋಣ.”

ಅವನು ತಟ್ಟೆಯ ಮುಂದೆ ಕೂತು ಅತ್ತ. ಅವಳು ಬಡಿಸುತ್ತಾ ಅತ್ತಳು. ನಾನು ಬಾಗಿಲಲ್ಲಿ ನಿಂತು ಕಾಲಿನ ಗಾಯಕ್ಕೆ ಬಟ್ಟೆ ಕಟ್ಟಿಕೊಂಡೆ. ಅದಕ್ಕಿಂತ ಉಪಯೋಗದ ಕೆಲಸ ನನಗೆ ತೋಚಲಿಲ್ಲ.

ಸ್ಟೇಷನ್ನಿನಲ್ಲಿ ರೈಟರ್ ಪೆನ್ನು ತೆರೆದ. ಅವಳು ಸೈಟಿನ ಕಂಟ್ರ್ಯಾಕ್ಟರ್ ಎಂದು ಬರೆಸಿದಳು. ಮೇಸ್ತ್ರಿ ಎಂದು ಬರೆಸಿದಳು. ಆಮೇಲೆ ಪಕ್ಕದಲ್ಲಿದ್ದವನನ್ನು ತೋರಿಸಿದಳು.

“ಇವನೂ.”

“ಇವನು ನಿನಗೆ ಏನಾಗಬೇಕಮ್ಮ?”

“ತಮ್ಮ.”

“ಸತ್ತೋನು?”

“ಗಂಡ.”

ರೈಟರ್ ಪೆನ್ನು ಹಿಡಿದುಕೊಂಡೇ ಇದ್ದ, ಬರೆಯಲಿಲ್ಲ. ಅವಳೇ, “ಬರೀರಿ ಸಾರ್,” ಎಂದಳು.

ಸಂಜೆಯ ಹೊತ್ತಿಗೆ ಜೀಪು ಕಂಟ್ರ್ಯಾಕ್ಟರನ್ನೂ ಮೇಸ್ತ್ರಿಯನ್ನೂ ಎತ್ತಿಕೊಂಡು ಬಂತು. ತಮ್ಮನನ್ನು ಒಳಗೆ ಕರೆದೊಯ್ಯುವಾಗ ಅವಳು ಅವನ ಅಂಗಿಯ ಗುಂಡಿ ಹಾಕಿದಳು. “ಬಿಟ್ಟ ಮೇಲೆ ಸೀದಾ ಮನೆಗೇ ಬಾ. ಇನ್ನೆಲ್ಲೂ ಹೋಗ್ಬೇಡ. ಕೇಳಿಸ್ತಾ?” ಅವನು ತಲೆ ಆಡಿಸಿದ.

ಹೊರಗೆ ಬಂದು ಅವಳು ನನಗೆ ಕೈ ಮುಗಿದಳು. ಒಬ್ಬಳೇ ಬಸ್ ಸ್ಟಾಪಿನ ಕಡೆ ನಡೆದಳು.

ಇನ್‌ಸ್ಪೆಕ್ಟರ್ ಬಂದು ನನ್ನ ಕೈ ಕುಲುಕಿದ. “ಭೇಷ್! ಎಲ್ಲರನ್ನೂ ಹಿಡಿದಿರಿ!”

ಗಂಡನಿಲ್ಲದವಳಿಗೆ ಉಳಿದಿದ್ದ ಒಬ್ಬ ತಮ್ಮನನ್ನೂ ಲಾಕಪ್ಪಿಗೆ ಹಾಕಿಸಿದ್ದೆ... ನಮ್ಮ ಲೈನಿನಲ್ಲಿ ಇದಕ್ಕೆ ಕೇಸು ಗೆಲ್ಲುವುದು ಎನ್ನುತ್ತಾರೆ.